ಪದಚರ್ಚೆ: ಮಾಡಿನ ಕೊಟೇಶನ್ನಿನಲ್ಲಿ ‘ಚದರ’, ‘ಅಳತೆ’, ‘ರಿಪೇರಿ’ ಅಂದರೆ ಯಾವುದು?

ಎಲ್ಲರಿಗೂ ನಮಸ್ಕಾರ.

ಬೆಳ್ತಂಗಡಿ ಕಡೆಯ ನಮ್ಮ ಹಳೆಮನೆಯ ಹಂಚಿನ ಮಾಡನ್ನು (ಛಾವಣಿಯನ್ನು) ಮಳೆ ಹಿಡಿಯುವುದರೊಳಗೆ ಸರಿಮಾಡಿಸಬೇಕು. ಊರಿನ ಮೇಸ್ತ್ರಿಯೊಬ್ಬರು, ಮಂಗಳೂರಿನ ಕಂಟ್ರಾಕ್ಟರೊಬ್ಬರು, ಬೆಂಗಳೂರಿನಲ್ಲಿ ಕೆಲಸ ಕಲಿತು ಈಗ ಈ ಕಡೆ ಬಂದಿರುವ ಇನ್ನೊಬ್ಬರು, ಹೀಗೆ ಮೂವರಿಂದ ರೇಟು ಬರೆಸಿ ತರಿಸಿದ್ದೇವೆ. ಮೂರು ಚೀಟಿಗಳೂ ಅಚ್ಚಗನ್ನಡದಲ್ಲಿವೆ. ಆದರೆ ಪಕ್ಕಪಕ್ಕ ಇಟ್ಟು ನೋಡಿದರೆ ಯಾವುದು ಅಗ್ಗ ಎಂದು ಹೇಳಲು ಬರುವುದಿಲ್ಲ. ಒಂದೇ ಪದಕ್ಕೆ ಒಬ್ಬೊಬ್ಬರದು ಒಂದೊಂದು ಅರ್ಥ. ಬಲ್ಲವರು ಬಿಡಿಸಿಕೊಡಬೇಕು.

ಮೊದಲು ‘ಚದರ’. ಬೆಂಗಳೂರಿನಲ್ಲಿ ‘ಹನ್ನೆರಡು ಚದರದ ಮನೆ’ ಎಂದರೆ 1,200 ಚದರ ಅಡಿ. ನೂರು ಚದರ ಅಡಿ ಸೇರಿದರೆ ಒಂದು ಚದರ. ನಮ್ಮೂರ ಮೇಸ್ತ್ರಿಯ ಚೀಟಿಯಲ್ಲಿ ‘ಚದರಕ್ಕೆ’ ಎಂದಿರುವುದು ಬರೀ ಚದರ ಅಡಿಗೆ. ಇಲ್ಲಿ ನೂರು ಪಟ್ಟು ವ್ಯತ್ಯಾಸ ಇರುವುದರಿಂದ ಯಾರೂ ಮೋಸ ಹೋಗುವುದಿಲ್ಲ, ನಗಾಡಿ ಸುಮ್ಮನಾಗಬಹುದು. ಈ ನೂರರ ಚದರ ಹಳೆ ಮೈಸೂರು ದಾಟಿ ಎಲ್ಲಿಯವರೆಗೆ ಹೋಗಿದೆ ಎಂಬ ಕುತೂಹಲ ಮಾತ್ರ ನನ್ನದು. ಹುಬ್ಬಳ್ಳಿ, ಕಲಬುರಗಿ ಕಡೆಯವರು ಬಳಸುತ್ತಾರೆಯೇ?

ನಿಜವಾಗಿ ಕಾಡುತ್ತಿರುವುದು ‘ಅಳತೆ’. ಮೂವರೂ ‘ಅಳತೆ ಪ್ರಕಾರ’ ಎಂದು ಬರೆದಿದ್ದಾರೆ. ಯಾವುದರ ಅಳತೆ? ಸುಲಭ ಲೆಕ್ಕಕ್ಕೆ, ಗೋಡೆಯಿಂದ ಗೋಡೆಗೆ 40 ಅಡಿ ಉದ್ದ, 30 ಅಡಿ ಅಗಲದ ಮನೆ ಎಂದಿಟ್ಟುಕೊಳ್ಳಿ. ಒಟ್ಟು 1,200 ಚದರ ಅಡಿ. ವರ್ಷಕ್ಕೆ 3,500 ಮಿ.ಮೀ. ದಾಟಿ ಮಳೆ ಸುರಿಯುವ ಸೀಮೆಯಲ್ಲಿ ಮಾಡು ಗೋಡೆಯಲ್ಲೇ ನಿಲ್ಲುವುದಿಲ್ಲ. ಸುತ್ತಲೂ ಮೂರು ಅಡಿ ಹೊರಗೆ ಬಂದಿದ್ದರೆ ಸೂರಿನ ಅಂಚಿನವರೆಗೆ 46 ಗುಣಿಸು 36, ಅಂದರೆ 1,656. ಇದೂ ನೆಲದ ಮೇಲಿನ ಲೆಕ್ಕವೇ. ಹಂಚು ಕೂರುವುದು ಇಳಿಜಾರಿನ ಮೇಲೆ. ಇಳಿಜಾರು 30 ಡಿಗ್ರಿ ಇದ್ದರೆ ಸುಮಾರು 1,912 ಆಗುತ್ತದೆ. 45 ಡಿಗ್ರಿ ಆದರಂತೂ 2,340 ದಾಟುತ್ತದೆ. ಈಗ ಒಬ್ಬರು ಸೂರಿನವರೆಗಿನ ನೆಲದ ಲೆಕ್ಕದಲ್ಲಿ ಅಡಿಗೆ 110 ರೂಪಾಯಿ, ಇನ್ನೊಬ್ಬರು ಇಳಿಜಾರಿನ ಲೆಕ್ಕದಲ್ಲಿ 100 ರೂಪಾಯಿ ಹೇಳಿದರು ಅನ್ನಿ (ದರ ಉದಾಹರಣೆಗಷ್ಟೇ). 30 ಡಿಗ್ರಿಯ ಮಾಡಿಗೆ ಮೊದಲನೆಯವರದು 1,82,160 ರೂಪಾಯಿ, ಎರಡನೆಯವರದು 1,91,200. ಹತ್ತು ರೂಪಾಯಿ ಕಡಿಮೆ ಹೇಳಿದವರೇ ದುಬಾರಿ!

ನನ್ನ ಪ್ರಶ್ನೆ: ಈ ಎರಡು ಅಳತೆಗಳಿಗೆ ಕೆಲಸದವರ ಬಾಯಲ್ಲಿ ಬೇರೆಬೇರೆ ಹೆಸರಿದೆಯೇ? ನಾನು ಸದ್ಯ ‘ನೆಲದಳತೆ’, ‘ಮಾಡಳತೆ’ ಎಂದು ಬರೆದುಕೊಂಡಿದ್ದೇನೆ. ಇದು ಮನೆಯಲ್ಲೇ ಕೂತು ಕಟ್ಟಿದ ಪದ, ಬಡಗಿಗಳ ಮುಂದೆ ಹೇಳಲು ಸಂಕೋಚ. ಅದಕ್ಕೇ ಫೋನಿನಲ್ಲಿ ಅಳತೆಯ ಸುದ್ದಿ ಎತ್ತದೆ ‘ಒಟ್ಟು ಎಷ್ಟು ಹಂಚು ಬೇಕಾಗಬಹುದು?’ ಎಂದು ಕೇಳಿದೆ. ಮಂಗಳೂರು ಹಂಚು ಚದರ ಮೀಟರಿಗೆ ಸುಮಾರು 15, ನೂರು ಚದರ ಅಡಿಗೆ 140ರ ಆಸುಪಾಸು ಹಿಡಿಯುತ್ತದೆ. ಹಂಚಿನ ಲೆಕ್ಕವನ್ನು ಯಾರೂ ಇಳಿಜಾರು ಬಿಟ್ಟು ಹಾಕುವುದಿಲ್ಲ. ಅವರು ಹೇಳಿದ ಸಂಖ್ಯೆಯನ್ನು ಚೀಟಿಯಲ್ಲಿರುವ ಅಡಿಯೊಂದಿಗೆ ತಾಳೆ ನೋಡಿದರೆ ಅಡಿ ಯಾವ ಅಳತೆಯದು ಎಂದು ಗೊತ್ತಾಗುತ್ತದೆ.

ಮೂರನೆಯದು ‘ಮಾಡು ರಿಪೇರಿ’. ಒಬ್ಬರಿಗೆ ಇದು ಒಡೆದ ಹಂಚು ತೆಗೆದು ಬೇರೆ ಹಾಕುವುದು. ಇನ್ನೊಬ್ಬರಿಗೆ ಹಂಚನ್ನೆಲ್ಲ ಇಳಿಸಿ, ಲಡ್ಡಾದ (ಕೊಳೆತ) ರೀಪು, ಅಂದರೆ ಹಂಚು ಕೂರುವ ಮರದ ಪಟ್ಟಿ, ಬದಲಿಸಿ ಮತ್ತೆ ಹೊದಿಸುವುದು. ಮತ್ತೊಬ್ಬರು ಪಕ್ಕಾಸನ್ನೇ (ರೀಪನ್ನು ಹೊರುವ ಇಳಿಜಾರಿನ ಮರಗಳನ್ನೇ) ಕಿತ್ತು ಕಬ್ಬಿಣದ ಪೈಪು ಕೂರಿಸುವುದಕ್ಕೂ ರಿಪೇರಿ ಎಂದೇ ಬರೆದಿದ್ದಾರೆ. ಹಳೆ ಮೈಸೂರಿನ ಹಳ್ಳಿಗಳಲ್ಲಿ ‘ಹೆಂಚು ಕೈಯಾಡಿಸುವುದು’ ಎಂಬ ಚಂದದ ಮಾತಿದೆ. ಬೆಕ್ಕು, ಕೋತಿ ಓಡಾಡಿ ಸರಿದ ನಾಡಹೆಂಚನ್ನು (ಊರಲ್ಲೇ ಕೈಯಲ್ಲಿ ಮಾಡಿದ ಹಳೇ ನಮೂನೆಯ ಹೆಂಚನ್ನು) ಮಳೆಗೆ ಮುಂಚೆ ಸರಿಯಾಗಿ ಜೋಡಿಸುವ ಕೆಲಸ ಅದು. ನಮ್ಮ ಕಡೆ ನಾನು ಅದನ್ನು ಕೇಳಿಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಹಬ್ಬಿದ ಹಂಚು ಒಂದಕ್ಕೊಂದು ಕಚ್ಚಿ ಕೂರುವಂಥದ್ದು, ನಾಡಹೆಂಚಿನ ಹಾಗೆ ಜಾರುವುದಿಲ್ಲ. ಕೆಲಸವೇ ಇಲ್ಲವಾದ್ದರಿಂದ ಮಾತೂ ಇಲ್ಲವೇನೋ ಎಂಬುದು ನನ್ನ ಊಹೆ. ಅಥವಾ ತುಳುವಿನಲ್ಲಿ ಬೇರೆ ಮಾತಿದ್ದು ನಮ್ಮ ಕನ್ನಡಕ್ಕೆ ಇಳಿಯಲಿಲ್ಲವೋ?

‘ಬಿಡ್’ ಎಂಬುದಕ್ಕೆ ಕನ್ನಡ ಪದ ಕೇಳುತ್ತಿಲ್ಲ. ‘ಸವಾಲು’ ಎಂದರೆ ಹರಾಜಿನ ಕೂಗು, ಅದು ಏರುತ್ತಾ ಹೋಗುವಂಥದ್ದು. ಸರ್ಕಾರಿ ಜಾಹೀರಾತಿನ ‘ದರಪಟ್ಟಿ’ ಮನೆಕೆಲಸಕ್ಕೆ ಭಾರವಾಯಿತು. ಕೊಟೇಶನ್ ಸಾಕು. ಆದರೆ ‘ಅಂದಾಜು’ ಎಂದು ತಲೆಬರಹ ಹಾಕಿದ ಚೀಟಿಯನ್ನು ಕೊಟೇಶನ್ ಎಂದು ಹಿಡಿಯಬಹುದೇ? ಮಂಗಳೂರಿನವರು ಹಾಗೆ ಬರೆದು, ಕೆಳಗೆ ‘ಸಾಮಾನು ಸಮೇತ’ ಎಂದಷ್ಟೇ ಸೇರಿಸಿದ್ದಾರೆ. ಮರದ ಬೆಲೆ ನಡುವೆ ಏರಿದರೆ ಹೊರೆ ಯಾರದು ಎಂಬುದು ‘ಅಂದಾಜು’ ಎಂಬ ಆ ಒಂದು ಪದದ ಮೇಲೆ ನಿಂತಿದೆ. ಕೇಳಿದ್ದಕ್ಕೆ ‘ಹೆಚ್ಚುಕಮ್ಮಿ ಅಷ್ಟೇ ಆಗುತ್ತದೆ ಸಾರ್’ ಅಂದರು. ಆ ಹೆಚ್ಚುಕಮ್ಮಿಯಲ್ಲಿ ಕಮ್ಮಿ ಆದದ್ದನ್ನು ನಾನಂತೂ ಕಂಡಿಲ್ಲ.

ಉತ್ತರ ಬರೆಯುವವರು ಯಾವ ತಾಲ್ಲೂಕಿನ ಮಾತು, ಬಡಗಿಯ ಮಾತೋ ಗಾರೆಯವರ ಮಾತೋ ಎಂದೂ ತಿಳಿಸಿ. ಬರೀ ‘ಕರಾವಳಿಯಲ್ಲಿ ಹೀಗೆ’ ಎಂದರೆ ಸಾಲದು. ಕುಂದಾಪುರದವರು ಹೇಳಿದ್ದು ಸುಳ್ಯದಲ್ಲಿ ನಡೆಯಬೇಕೆಂದೇನಿಲ್ಲ.