ಸುಖಾಗಮನ ಬಯಸುವವರು

ಏಪ್ರಿಲ್ ತಿಂಗಳಲ್ಲಿ ಕಲಬುರಗಿಯ ಗೋಡೆಗಳು ಸಂಜೆ ಆರಕ್ಕೂ ಕೈಗೆ ಚುರುಕು ಮುಟ್ಟಿಸುವುದರಿಂದ, ನಮ್ಮ ಹರಟೆ ಸೂಪರ್ ಮಾರ್ಕೆಟ್ ಬಳಿ ಇರುವ ಶರಣಪ್ಪಣ್ಣನ ಮುದ್ರಣಾಲಯದಲ್ಲಿ, ಕೂಲರಿಗೆ ಎದುರಾಗಿ ಹಾಕಿದ ಬೆಂಚಿನ ಮೇಲೆ ನಡೆಯುತ್ತದೆ. ಲಗ್ನಪತ್ರಿಕೆಗಳ ಹಂಗಾಮಿನಲ್ಲಿ ಅವರಿಗೆ ಉಣ್ಣಲೂ ಪುರುಸೊತ್ತಿರುವುದಿಲ್ಲ. ಹರಟೆಗೆ ಮಾತ್ರ ಇರುತ್ತದೆ. ಆ ದಿನ ಮಲ್ಲು, 2025ರ ಜೂನ್ 5ರಂದು ಬಿಡುಗಡೆಯಾಗಲಿದ್ದ ನಿಂಟೆಂಡೊ ಸ್ವಿಚ್ 2 ಎಂಬ ಗೇಮ್ ಕನ್ಸೋಲನ್ನು ದುಬೈಯಲ್ಲಿರುವ ಅಕ್ಕನ ಗಂಡನಿಂದ ತರಿಸಿಕೊಳ್ಳುವ ಹುಮ್ಮಸ್ಸಿನಲ್ಲಿದ್ದ. ಅದಕ್ಕೆ ಆಟ ಮಾಡಿಕೊಡಲಿರುವ ಹೊರಗಿನ ಕಂಪನಿಗಳ ಹೆಸರುಗಳನ್ನು ಮೊಬೈಲಿನಲ್ಲಿ ಒಂದೊಂದಾಗಿ ಓದಿ, ಇಷ್ಟು ಜನ ಬೆನ್ನಿಗಿರುವಾಗ ಯಂತ್ರ ಸೋಲುವುದುಂಟೇ ಎಂದು ಕೇಳಿದ.

ಶರಣಪ್ಪಣ್ಣ ಕನ್ನಡಕವನ್ನು ಹಣೆಗೇರಿಸಿ ಆ ಪಟ್ಟಿಯನ್ನು ಕರಡು ತಿದ್ದುವವರಂತೆ ನೋಡಿದರು. “ತಮ್ಮಾ, ಇವರಲ್ಲಿ ಆಮಂತ್ರಿಸುವವರು ಯಾರು, ಸುಖಾಗಮನ ಬಯಸುವವರು ಯಾರು? ಆ ಕೊನೆಯ ಪುಟದಲ್ಲಿ ನಾನು ಒಂದೊಂದು ಮದುವೆಗೆ ಅರವತ್ತು ಹೆಸರು ಜೋಡಿಸುತ್ತೇನೆ. ಮದುವೆಯ ದಿನ ಪಂಕ್ತಿಯಲ್ಲಿ ಹುಗ್ಗಿಯ ಬಕೆಟ್ ಹಿಡಿದು ಓಡಾಡುವವರು ಅವರಲ್ಲಿ ನಾಲ್ಕೇ ಮಂದಿ. ಮಿಕ್ಕವರ ಹೆಸರು ಇರುವುದು, ಇಲ್ಲದಿದ್ದರೆ ಮುನಿಸಿಕೊಳ್ಳುತ್ತಾರೆ ಎಂಬ ಭಯಕ್ಕೆ.”

ಎದುರಿನ ಮೊಬೈಲ್ ರಿಪೇರಿ ಅಂಗಡಿಯ ರಫೀಕ್ ಚಹಾದ ಗ್ಲಾಸನ್ನು ಕೆಳಗಿಟ್ಟ. ಅವನು ಗ್ಲಾಸು ಕೆಳಗಿಟ್ಟರೆ ಇನ್ನು ಅರ್ಧ ಗಂಟೆ ಬೇರೆಯವರಿಗೆ ಬಾಯಿ ತೆರೆಯುವ ಅವಕಾಶವಿಲ್ಲ ಎಂದು ತಿಳಿಯಬೇಕು.

“ಶರಣಪ್ಪಣ್ಣಾ, ಈ ಹೊರಗಿನ ಕಂಪನಿ ಎಂಬ ಪದ್ಧತಿ ಹುಟ್ಟಿದ್ದೇ ಹೆಸರು ಹಾಕದ ಜಗಳದಿಂದ. ಅಟಾರಿ ಎಂಬ ಗೇಮ್ ಕಂಪನಿಯ ನಾಲ್ವರು ಪ್ರೋಗ್ರಾಮರುಗಳು, ತಾವು ಮಾಡಿದ ಆಟದ ಮೇಲೆ ತಮ್ಮ ಹೆಸರಿಲ್ಲ, ಮಾರಾಟದಲ್ಲಿ ಪಾಲೂ ಇಲ್ಲ ಎಂದು ಮುನಿದು ಹೊರಬಿದ್ದು, 1979ರಲ್ಲಿ ಆಕ್ಟಿವಿಷನ್ ಕಂಪನಿಯನ್ನು ಸೇರಿ ಕಟ್ಟಿದರು. ಅಟಾರಿಯ ಯಂತ್ರಕ್ಕೇ ಆಟ ಮಾಡಿ, ಮಾಡಿದವರ ಹೆಸರನ್ನು ಅಚ್ಚು ಹಾಕಿಸಿ ಮಾರಿದರು. ಅಟಾರಿ ಕೋರ್ಟಿಗೆ ಹೋಯಿತು. 1982ರಲ್ಲಿ ರಾಜಿಯಾಗಿ, ಆಟಕ್ಕಿಷ್ಟು ಎಂದು ಅಟಾರಿಗೆ ಕೊಡುವ ಮುಯ್ಯಿ ಗೊತ್ತಾಯಿತು.”

“ಒಂದು ಸಾಲು ಅಚ್ಚಿಗೆ ಜುಗ್ಗತನ ಮಾಡಿದರೆ ಹೀಗೇ ಆಗುವುದು,” ಎಂದು ಶರಣಪ್ಪಣ್ಣ ತಮ್ಮ ವೃತ್ತಿಯ ಘನತೆಯನ್ನು ನೆನೆದು ಎದೆ ಸೆಟೆಸಿದರು.

ರಫೀಕ್ ಅಲ್ಲಿಂದ ನೇರವಾಗಿ ಸೆಗಾ ಕಂಪನಿಯ ಸ್ಯಾಟರ್ನ್ ಯಂತ್ರಕ್ಕೆ ಬಂದ. ಅಮೆರಿಕದಲ್ಲಿ ಅದರ ಬಿಡುಗಡೆ 1995ರ ಸೆಪ್ಟೆಂಬರ್ 2 ಎಂದು ಸಾರಿ, ಹೊರಗಿನವರೆಲ್ಲ ಅದೇ ತಾರೀಖಿಗೆ ಆಟ ಸಿದ್ಧಪಡಿಸುತ್ತಿದ್ದಾಗ, ಸೋನಿ ಕಂಪನಿಯ ಪ್ಲೇಸ್ಟೇಷನ್ನಿಗಿಂತ ಮುಂದಾಗುವ ಆತುರದಲ್ಲಿ ಸೆಗಾ ಮೇ 11ರಂದೇ, ಯಂತ್ರ ಈಗಾಗಲೇ ಅಂಗಡಿಗಳಲ್ಲಿದೆ, ಬೆಲೆ 399 ಡಾಲರ್ ಎಂದು ಘೋಷಿಸಿಬಿಟ್ಟಿತು. ಅದೇ ದಿನ ಸೋನಿಯವರು ವೇದಿಕೆ ಹತ್ತಿ “299” ಎಂಬ ಒಂದೇ ಸಂಖ್ಯೆ ಹೇಳಿ ಇಳಿದುಹೋದರು.

ಶರಣಪ್ಪಣ್ಣನ ಮುಖ ಬಿಳುಪೇರಿತು. “ಪತ್ರಿಕೆಯಲ್ಲಿ ಸೆಪ್ಟೆಂಬರ್, ಅಕ್ಷತೆ ಬಿದ್ದದ್ದು ಮೇ ತಿಂಗಳಲ್ಲೇ? ಅಡುಗೆಯವರು?”

“ಅಡುಗೆಯವರು ಇನ್ನೂ ಒಲೆಗೆ ಕಲ್ಲು ಹುಡುಕುತ್ತಿದ್ದರು. ತಿಂಗಳುಗಟ್ಟಲೆ ಸೆಗಾದ ಮನೆಯ ಆಟ ಬಿಟ್ಟರೆ ಹೊರಗಿನದು ಬಹಳ ಕಡಿಮೆ. ಕರೆಯೋಲೆ ಮುಟ್ಟದ ಕೆಲವು ಅಂಗಡಿಯವರು ಸಿಟ್ಟಾಗಿ, ಆ ಯಂತ್ರವನ್ನೇ ಇಡುವುದಿಲ್ಲ ಎಂದರು.”

ಸೆಗಾದ ಮುಂದಿನ ಯಂತ್ರ ಡ್ರೀಮ್‌ಕಾಸ್ಟಿಗೆ ಆಟ ತಯಾರಿಸುವ ಇಎ ಎಂಬ ಶ್ರೀಮಂತ ಬೀಗರು ಬರಲೇ ಇಲ್ಲ, 2001ರಲ್ಲಿ ಅದರ ತಯಾರಿಕೆಯೇ ನಿಂತಿತು ಎಂಬುದನ್ನು ಅವನು ಒಂದೇ ಉಸಿರಿನಲ್ಲಿ ದಾಟಿಸಿದ. ಬಾರದವರಿಗಿಂತ ಬಂದು ಎದ್ದುಹೋದವರ ಕಥೆಯೇ ಅವನಿಗೆ ಇಷ್ಟ. 2011ರಲ್ಲಿ ನಿಂಟೆಂಡೊದ ವೀ ಯು ಯಂತ್ರದ ಅನಾವರಣಕ್ಕೆ ಅದೇ ಇಎ ಮುಖ್ಯಸ್ಥರು ವೇದಿಕೆಗೆ ಬಂದು ಹಿಂದೆಂದೂ ಇಲ್ಲದ ಪಾಲುದಾರಿಕೆಯ ಮಾತಾಡಿದರು. 2012ರ ನವೆಂಬರಿನಲ್ಲಿ ಬಿಡುಗಡೆಗೆ ಫಿಫಾ 13 ಮೊದಲಾದ ಕೆಲವನ್ನು ಬಡಿಸಿದರು. 2013ರ ಮೇ ತಿಂಗಳಿಗೆ, ಆ ಯಂತ್ರಕ್ಕೆ ತಮ್ಮಲ್ಲಿ ಯಾವ ಆಟವೂ ತಯಾರಾಗುತ್ತಿಲ್ಲ ಎಂದರು. ಅನಾವರಣದ ದಿನ ತೋರಿಸಿದ ಹೊರಗಿನವರ ಆಟಗಳ ದೃಶ್ಯಗಳಂತೂ ಎದುರಾಳಿಗಳಾದ ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360 ಯಂತ್ರಗಳವು.

“ಬೇರೆ ಮದುವೆಯ ಫೋಟೊ!” ಎಂದು ಶರಣಪ್ಪಣ್ಣ ತೊಡೆ ತಟ್ಟಿದರು.

ನಾನು ಹೊರಗಿನವರ ಪರ ವಹಿಸಿದೆ. ವೀ ಯು ಒಳಗಿದ್ದುದು ಹಳೆಯ ಪವರ್‌ಪಿಸಿ ಜಾತಿಯ ಪ್ರೊಸೆಸರ್. 2013ರಲ್ಲಿ ಎದುರಾಳಿಗಳು ಕಂಪ್ಯೂಟರುಗಳಲ್ಲಿರುವ ಎಕ್ಸ್86ಗೆ ಹೋದರು. ರೊಟ್ಟಿ ತಟ್ಟುವವರನ್ನು ಕರೆದು, ನಮ್ಮೊಬ್ಬರಿಗೆ ದೋಸೆ ಹೊಯ್ದುಕೊಡಿ ಎಂದರೆ ಅವರು ಮೊದಲು ಕೇಳುವುದು, ಎಲೆ ಎಷ್ಟು ಎಂದೇ. ಎಲೆಗಳೋ, ಅಂದರೆ ಮಾರಾಟವಾದ ಯಂತ್ರಗಳೋ, ಕೊನೆಯವರೆಗೆ ಲೆಕ್ಕ ಹಾಕಿದರೂ 1.35 ಕೋಟಿ ಚಿಲ್ಲರೆ. ಜನ ಬಂದರೆ ಅಡುಗೆ, ಅಡುಗೆಯಿದ್ದರೆ ಜನ ಎಂದು ಇಬ್ಬರೂ ಪರಸ್ಪರ ಮುಖ ನೋಡುತ್ತ ಕೂತರೆ ಒಲೆ ಹತ್ತುವುದಾದರೂ ಹೇಗೆ?

ಮಲ್ಲು ಸುಮ್ಮನಿರಲಿಲ್ಲ. ಈ ಸಲ ಸೈಬರ್‌ಪಂಕ್ 2077 ಎಂಬ ದೊಡ್ಡ ಆಟ ಮೊದಲ ದಿನವೇ, 64 ಜಿಬಿಯ ಕಾರ್ಡಿನಲ್ಲಿ ಪೂರ್ತಿ ಅಡಕವಾಗಿ ಬರುತ್ತದೆ ಎಂದ. ರಫೀಕ್ ಅದನ್ನು ಒಪ್ಪಿದ. ಆದರೆ ಹೊರಗಿನ ಹಲವರು ಬಳಸಲಿರುವ ಗೇಮ್-ಕೀ ಕಾರ್ಡಿನಲ್ಲಿ ಆಟವಿರುವುದಿಲ್ಲ, ಇಂಟರ್ನೆಟ್ಟಿನಿಂದ ಅದನ್ನು ಇಳಿಸಿಕೊಳ್ಳಲು ಬೇಕಾದ ಕೀಲಿಯಷ್ಟೇ ಇರುತ್ತದೆ ಎಂದ. ಬುತ್ತಿ ಬಿಚ್ಚಿದರೆ ರೊಟ್ಟಿಯ ಬದಲು ಖಾನಾವಳಿಯ ವಿಳಾಸ ಸಿಕ್ಕಂತೆ ಎಂದು ನಾನು ಸೇರಿಸಿದ್ದಕ್ಕೆ, ಮಲ್ಲು ನನ್ನ ಪಾಲಿನ ಭಜಿಯನ್ನು ತಾನೇ ತಿಂದು ಸೇಡು ತೀರಿಸಿಕೊಂಡ.

ಜೂನಿನಲ್ಲಿ ಯಂತ್ರ ನಾಲ್ಕೇ ದಿನಗಳಲ್ಲಿ 35 ಲಕ್ಷ ಮಾರಾಟವಾದಾಗ ಅವನು ನಮ್ಮೆಲ್ಲರಿಗೂ ಫೋನ್ ಮಾಡಿ ಹೇಳಿದ. 2025ರಲ್ಲೇ ಬರುತ್ತೇನೆಂದಿದ್ದ ಎಲ್ಡನ್ ರಿಂಗ್ ಎಂಬ ಆಟ 2026ಕ್ಕೆ ಜಾರಿದಾಗ, ಅಕ್ಟೋಬರ್ 3ಕ್ಕೆ ಬರಬೇಕಿದ್ದ ಬಾರ್ಡರ್‌ಲ್ಯಾಂಡ್ಸ್ 4 ಕೆಲವೇ ದಿನಗಳ ಮೊದಲು ಮುಂದೂಡಲ್ಪಟ್ಟಾಗ ಫೋನ್ ಮಾಡಿದವನು ರಫೀಕ್.

ದೀಪಾವಳಿಗೆ ಬಂದ ಅಕ್ಕನ ಗಂಡ ಯಂತ್ರವನ್ನೂ ಒಂದು ಆಟವನ್ನೂ ತಂದುಕೊಟ್ಟರು. ನಾವು ನೋಡಲು ಹೋದಾಗ, ಕಾರ್ಡು ಕೀಲಿಯದಾಗಿತ್ತು. ಪರದೆಯ ಮೇಲೆ ಇಳಿಯುತ್ತಿದ್ದ ಆಟ ಶೇಕಡಾ 37ಕ್ಕೆ ತಲುಪಿದ್ದಾಗ ಓಣಿಯ ಕರೆಂಟು ಹೋಯಿತು. ಕತ್ತಲಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

“ಗಡಿಬಿಡಿ ಮಾಡಬೇಡಿರಪ್ಪಾ,” ಎಂದರು ಶರಣಪ್ಪಣ್ಣ. “ಎಲೆ ಹಾಕಿ ನೀರು ಚಿಮುಕಿಸಿದ್ದಾರೆ.”