ಏಳನೇ ಕ್ಲಾಸಿಗೆ ಸರ್ಕ್ಯೂಟ್ ಪಾಠ: ಕಿಟ್ ತರಲಾ, ಬಿಡಿ ಸಾಮಾನಾ?

ಹೊಸ ಟೀಚರ್, ಹಾವೇರಿ ಜಿಲ್ಲೆ
ಏಳನೇ ತರಗತಿಗೆ ‘ವಿದ್ಯುತ್ ಪ್ರವಾಹ ಮತ್ತು ಅದರ ಪರಿಣಾಮಗಳು’ ಪಾಠ ಶುರು ಮಾಡಬೇಕು. 38 ಮಕ್ಕಳು, ಕೈಯಲ್ಲಿ 1,500 ರೂಪಾಯಿ. ರೆಡಿ ಕಿಟ್ ತರಲೋ, ಬಿಡಿ ಸಾಮಾನು ತರಲೋ? ಬಲ್ಬಾ, ಎಲ್‌ಇಡಿನಾ? ಮಾಡಿ ನೋಡಿದವರು ಹೇಳಿ.

ನಿವೃತ್ತ ಮೇಷ್ಟ್ರು, ತುಮಕೂರು
ಟಾರ್ಚ್ ಬಲ್ಬೇ. ಎರಡು ಮಾತಿಲ್ಲ. ಫಿಲಮೆಂಟ್ ಕೆಂಪಗೆ ಕಾಯುವುದು ಮಕ್ಕಳ ಕಣ್ಣಿಗೆ ಕಾಣಬೇಕು. ಎಲ್‌ಇಡಿಯಲ್ಲಿ ಕಾಣುವುದೇನು, ಮಣ್ಣು? ಆದರೆ ಈಗ ಟಾರ್ಚೆಲ್ಲ ಎಲ್‌ಇಡಿ ಆಗಿ 2.5 ವೋಲ್ಟಿನ ಬಲ್ಬು ಹುಡುಕುವುದೇ ಒಂದು ಕೆಲಸ. ಒಂದು ಅಂಗಡಿಯವನು ಸೈಕಲ್ ಡೈನಮೋ ಬಲ್ಬು ಕೊಟ್ಟು ಕಳಿಸಿದ. ಅದು 6 ವೋಲ್ಟ್, ಎರಡು ಶೆಲ್ಲಿಗೆ ಮಿಣುಕು ಅಂದರೆ ಮಿಣುಕು. 240 ರೂಪಾಯಿ ನೀರಿಗೆ. ವಾಪಸ್ ತಗೊಳ್ಳಲಿಲ್ಲ. ಕೊನೆಗೆ ಹಳೇ ಸ್ಟಾಕ್ ಸಿಕ್ಕಿತು, ಒಂದಕ್ಕೆ 12 ರೂಪಾಯಿ. ಒಬ್ಬ ಹುಡುಗ 9 ವೋಲ್ಟ್ ಬ್ಯಾಟರಿ ಮುಟ್ಟಿಸಿ ಸಾಲಾಗಿ ನಾಲ್ಕು ಸುಟ್ಟ. 48 ರೂಪಾಯಿ. ಹೆಡ್‌ಮಾಸ್ಟರ್ ವೋಚರ್ ಕೇಳಿದರು, ಸುಟ್ಟ ಬಲ್ಬಿಗೆ ವೋಚರ್ ಎಲ್ಲಿಂದ ತರಲಿ!

ಖಾಸಗಿ ಶಾಲೆ ಮೇಡಂ, ಮೈಸೂರು
ಕಿಟ್ ಮಾತ್ರ ಬೇಡ. ನಮ್ಮಲ್ಲಿ ಮ್ಯಾನೇಜ್‌ಮೆಂಟ್ ಒಂದಕ್ಕೆ 1,850 ಕೊಟ್ಟು ತರಿಸಿತು. ಮಳೆಗಾಲ ಮುಗಿಯುವಷ್ಟರಲ್ಲಿ ಶೆಲ್ ಹಾಕುವ ಡಬ್ಬಿಯ ಸ್ಪ್ರಿಂಗು ತುಕ್ಕು. ಉಪ್ಪುಕಾಗದದಲ್ಲಿ ತಿಕ್ಕುವ ಕೆಲಸ ನನ್ನದು. ಮಕ್ಕಳು ಚಿತ್ರ ನೋಡಿ ಪಟಪಟ ಜೋಡಿಸುತ್ತಾರೆ, ಒಂದು ವೈರ್ ಬಿಚ್ಚಿ ಯಾಕೆ ಆರಿತು ಅಂತ ಕೇಳಿದರೆ ಮುಖ ಮುಖ ನೋಡುತ್ತಾರೆ. ‘ಕಂಪನಿಯವರು ಬಂದು ಟ್ರೇನಿಂಗ್ ಕೊಡುತ್ತಾರೆ’ ಅಂದಿದ್ದರು. ಯಾರೂ ಬರಲಿಲ್ಲ.

ಎಸ್‌ಪಿ ರೋಡ್ ಗಿರಾಕಿ, ಬೆಂಗಳೂರು
ಮೇಷ್ಟ್ರೇ, ಬಲ್ಬಿನ ಕಾಲ ಮುಗಿಯಿತು. ನಾನು ಶನಿವಾರ ಮಕ್ಕಳಿಗೆ ಹೇಳಿಕೊಡುತ್ತೇನೆ. ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ ಅಂಗಡಿಗಳಲ್ಲಿ ಎಲ್‌ಇಡಿ ನೂರರ ಲೆಕ್ಕದಲ್ಲಿ ತಂದರೆ ಒಂದಕ್ಕೆ 1 ರೂಪಾಯಿ ಚಿಲ್ಲರೆ. 3 ವೋಲ್ಟಿನ ನಾಣ್ಯದಂಥ ಶೆಲ್ಲಿಗೆ ಎರಡು ಕಾಲು ಅಡ್ಡ ಸಿಕ್ಕಿಸಿದರೆ ಹತ್ತಿತು. ಉಲ್ಟಾ ಹಾಕಿದರೆ ಹತ್ತುವುದಿಲ್ಲ, ಅಲ್ಲೇ ಒಂದು ಪಾಠ.

ಖಾಸಗಿ ಶಾಲೆ ಮೇಡಂ, ಮೈಸೂರು
ನಾಣ್ಯದ ಶೆಲ್ಲಾ? ಆ ಮಕ್ಕಳ ಮನೆಯಲ್ಲಿ ತಮ್ಮ ತಂಗಿಯರಿಲ್ಲವೇ? ನುಂಗಿದರೆ ಅನ್ನನಾಳ ಎರಡೇ ಗಂಟೆಯಲ್ಲಿ ಸುಡಬಹುದು. ಅಗ್ಗ ಅಂತ ಏನು ಬೇಕಾದರೂ ಕೈಗೆ ಕೊಡುವುದಾ?

ಎಸ್‌ಪಿ ರೋಡ್ ಗಿರಾಕಿ, ಬೆಂಗಳೂರು
ಪಾಠ ಮುಗಿದ ಮೇಲೆ ಎಣಿಸಿ ವಾಪಸ್ ತಗೊಳ್ಳುತ್ತೇನೆ ಮೇಡಂ. ನಿಮ್ಮ 1,850ರ ಡಬ್ಬಿಗಿಂತ ವಾಸಿ.

ಸರ್ಕಾರಿ ಪ್ರೌಢಶಾಲೆ ಶಿಕ್ಷಕಿ, ಶಿರಸಿ
ಜಗಳ ಆಮೇಲೆ ಆಡಿ. ಅಸಲು ತಲೆನೋವು ಬೇರೆ ಇದೆ. ಎರಡು ಟಾರ್ಚ್ ಬಲ್ಬು ಸಿರೀಸಿನಲ್ಲಿ, ಅಂದರೆ ಒಂದೇ ದಾರಿಯಲ್ಲಿ ಒಂದರ ಹಿಂದೆ ಒಂದು ಹಾಕಿದೆ. ಒಂದು ಸ್ವಲ್ಪ ಜಾಸ್ತಿ ಬೆಳಗಿತು, ಇನ್ನೊಂದು ಮಂಕು. ‘ಮೊದಲನೇದು ಕರೆಂಟ್ ತಿಂದುಬಿಟ್ಟಿತು ಟೀಚರ್’ ಅಂತ ಇಡೀ ಕ್ಲಾಸು. ವಾದ ಮಾಡಲಿಲ್ಲ, ಬಲ್ಬುಗಳ ಜಾಗ ಅದಲು ಬದಲು ಮಾಡಿಸಿದೆ. ಬೆಳಗುತ್ತಿದ್ದ ಬಲ್ಬು ಎರಡನೇ ಜಾಗಕ್ಕೆ ಹೋದರೂ ಅದೇ ಜಾಸ್ತಿ ಬೆಳಗಿತು. ಕರೆಂಟ್ ಎರಡರಲ್ಲೂ ಒಂದೇ, ಆ ಬಲ್ಬಿನ ರೋಧ (ಕರೆಂಟಿಗೆ ಒಡ್ಡುವ ತಡೆ) ಜಾಸ್ತಿ, ಅಷ್ಟೇ. ಆಮೇಲೆ ಕರೆಂಟ್ ಅಳೆಯುವ ಮಲ್ಟಿಮೀಟರ್ ಕೊಟ್ಟೆ, 250 ರೂಪಾಯಿದು. ಒಬ್ಬಳು 200 ಮಿಲಿಆಂಪಿಗೆ ತಿರುಗಿಸಿ ಒಂದೇ ಬಲ್ಬಿಗೆ ಜೋಡಿಸಿದಳು. ಟಾರ್ಚ್ ಬಲ್ಬು ಸುಮಾರು 300 ಎಳೆಯುತ್ತದೆ, ಒಳಗಿನ ಫ್ಯೂಸ್ ಹೋಯಿತು. ಆಮೇಲೆ ಬಂದ ಗುಂಪು ‘ಕರೆಂಟ್ 0’ ಅಂತ ಅಚ್ಚುಕಟ್ಟಾಗಿ ಬರೆದುಕೊಂಡಿತು! ಫ್ಯೂಸಿಗೆ 5 ರೂಪಾಯಿ, ತರಲು ಬಸ್ಸಿಗೆ 60. ಈಗ ಕೆಂಪು ವೈರನ್ನು 10 ಆಂಪಿನ ತೂತಿಗೇ ಹಾಕಿ ಟೇಪ್ ಸುತ್ತಿಟ್ಟಿದ್ದೇನೆ.

ನಿವೃತ್ತ ಮೇಷ್ಟ್ರು, ತುಮಕೂರು
ನೋಡಿದಿರಾ, ಬಲ್ಬಿನಿಂದಲೇ ಆಯಿತು. ನಾನು ನೀರಿನ ಪೈಪಿನ ಹೋಲಿಕೆ ಕೊಟ್ಟು ಹೇಳುತ್ತಿದ್ದೆ, ಎಲ್ಲರಿಗೂ ಅರ್ಥವಾಗುತ್ತಿತ್ತು.

ಸರ್ಕಾರಿ ಪ್ರೌಢಶಾಲೆ ಶಿಕ್ಷಕಿ, ಶಿರಸಿ
ಆ ಪೈಪೇ ಹಾಳು ಮಾಡಿದ್ದು ಸರ್. ಪೈಪ್ ಕತ್ತರಿಸಿದರೆ ನೀರು ಸುರಿಯುತ್ತದೆ, ವೈರ್ ಕತ್ತರಿಸಿದರೆ ಏನು ಸುರಿಯುತ್ತದೆ? ನಿಮ್ಮಂಥವರ ಹತ್ತಿರ ಕಲಿತು ಬಂದವರಿಗೆ ನಾವು ಮತ್ತೆ ಮೊದಲಿಂದ ಹೇಳಬೇಕು.

ನಿವೃತ್ತ ಮೇಷ್ಟ್ರು, ತುಮಕೂರು
ಮೂವತ್ತು ವರ್ಷದ ಸರ್ವಿಸ್ ಅಮ್ಮಾ ನನ್ನದು. ಶಿವನಸಮುದ್ರದಿಂದ 1902ರಲ್ಲೇ ಸುಮಾರು 147 ಕಿಲೋಮೀಟರ್ ಲೈನ್ ಎಳೆದು ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕೊಟ್ಟರು ಅಂತ ಹೇಳಿ ಪಾಠ ಶುರು ಮಾಡುತ್ತಿದ್ದೆ. ‘ಅಷ್ಟು ದೂರ ಹೋದರೆ ಸವೆಯಲ್ವಾ ಸಾರ್’ ಅಂತ ಮಕ್ಕಳೇ ಕೇಳುತ್ತಿದ್ದರು. ನಷ್ಟವಾಗುವುದು ಶಕ್ತಿ, ವೈರು ಬಿಸಿಯಾಗಿ ಹೋಗುತ್ತದೆ ಅಂತ ಅಲ್ಲಿಂದಲೇ ಹೇಳುತ್ತಿದ್ದೆ. ನಿಮ್ಮ ಮೀಟರ್ ಬೇಕಾಗಿರಲಿಲ್ಲ.

ವೈರಿಂಗ್ ಕೆಲಸದವ, ಹುಬ್ಬಳ್ಳಿ
ಶೆಲ್ಲು, ಪೈಪು, ಚಿನ್ನದ ಗಣಿ ಎಲ್ಲ ಆಯಿತು. ಮನೆಯಲ್ಲಿರುವುದು 230 ವೋಲ್ಟ್ ರೀ. ನನ್ನ ಹತ್ತಿರ ಕೆಲಸ ಕಲಿಯಲು ಬರುವ ಹುಡುಗರಿಗೆ ಓಮನ ನಿಯಮ ಬಾಯಿಪಾಠ, ಕರೆಂಟ್ ಬರುವ ಫೇಸ್ ವೈರು ಯಾವುದು, ವಾಪಸ್ ಹೋಗುವ ನ್ಯೂಟ್ರಲ್ ಯಾವುದು ಗೊತ್ತಿಲ್ಲ. ಸ್ವಿಚ್ಚನ್ನು ನ್ಯೂಟ್ರಲ್ಲಿಗೆ ಹಾಕಿ ಹೋಗುತ್ತಾರೆ. ಆರಿಸಿದರೂ ಹೋಲ್ಡರಿನಲ್ಲಿ ಕರೆಂಟ್ ಹಾಗೇ ಇರುತ್ತದೆ, ಗಿರಾಕಿ ಬೈಯುವುದು ನನ್ನನ್ನು.

ಖಾಸಗಿ ಶಾಲೆ ಮೇಡಂ, ಮೈಸೂರು
ಹನ್ನೆರಡು ವರ್ಷದ ಮಕ್ಕಳ ಕೈಗೆ 230 ಕೊಡಬೇಕಾ?

ವೈರಿಂಗ್ ಕೆಲಸದವ, ಹುಬ್ಬಳ್ಳಿ
ಕೈಗೆ ಕೊಡಿ ಅಂದೆನೇನ್ರೀ? ಹೇಳಿಕೊಡಿ ಅಂದೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನದು ಯಾಕೆ ಉದ್ದ ಅಂತ ನಿಮ್ಮ ಹತ್ತನೇ ಕ್ಲಾಸಿನವರನ್ನೇ ಕೇಳಿ ನೋಡಿ.

ಸರ್ಕಾರಿ ಪ್ರೌಢಶಾಲೆ ಶಿಕ್ಷಕಿ, ಶಿರಸಿ
ಅರ್ಥ್ (ನೆಲಕ್ಕೆ ಹೋಗುವ ವೈರಿನ ಪಿನ್ನು) ಮೊದಲು ತಾಗಲಿ, ಕೊನೆಗೆ ಬಿಡಲಿ ಅಂತ. ನಮ್ಮ ಎಂಟನೇ ಕ್ಲಾಸಿನವರೇ ಹೇಳುತ್ತಾರೆ. ನಮ್ಮ ಶಾಲೆಯ ಪಾಯಿಂಟ್ ಬಿಚ್ಚಿ ನೋಡಿದರೆ ಆ ತೂತಿಗೆ ವೈರೇ ಇರಲಿಲ್ಲ. ಅದನ್ನು ಹಾಕಿದ್ದು ಮೇಷ್ಟ್ರಲ್ಲ.