ಲ್ಯಾಂಥನೈಡ್, ಆಕ್ಟಿನೈಡ್ ಸಂಶೋಧನೆ: ಅನುಭವವಿದ್ದವರು ತಿಳಿಸಿ

ಎಲ್ಲರಿಗೂ ನಮಸ್ಕಾರ. ನಾನು ಸೋಮವಾರಪೇಟೆ ಕಡೆಯವಳು, ಎಂ.ಎಸ್ಸಿ ರಸಾಯನಶಾಸ್ತ್ರ ಓದುತ್ತಿದ್ದೇನೆ. ಲ್ಯಾಂಥನೈಡ್, ಆಕ್ಟಿನೈಡ್‌ಗಳ ಮೇಲೆ ಪಿಎಚ್.ಡಿ ಮಾಡಿ ಮುಂದೆ ಪಾಠ ಹೇಳಬೇಕೆಂಬ ಆಸೆ. ಆವರ್ತ ಕೋಷ್ಟಕದ ಕೆಳಗೆ ಬೇರೆಯಾಗಿ ಬರೆಯುವ ಎರಡು ಸಾಲಿನ ಧಾತುಗಳು ಇವು; ಯುರೇನಿಯಂ ಎರಡನೆಯ ಸಾಲಿನದು, ಆಕ್ಟಿನೈಡ್. ಯುರೇನಿಯಂ ಎಂದರೆ ಅಮ್ಮನಿಗೆ ಗಾಬರಿ. ಈ ದಾರಿಯಲ್ಲಿ ನಡೆದವರು ದಯವಿಟ್ಟು ಹೇಳಿ.

ಮಡಿಕೇರಿಯಿಂದ, ನಿವೃತ್ತ ಪ್ರಾಧ್ಯಾಪಕ:

ಮಗಳೇ, ಮೊದಲು ಅಮ್ಮನಿಗೆ ಸಮಾಧಾನ ಹೇಳು. ಲ್ಯಾಂಥನೈಡ್‌ಗಳಲ್ಲಿ ವಿಕಿರಣದ ಚಿಂತೆ ಇರುವುದು ಮುಖ್ಯವಾಗಿ ಪ್ರೊಮೀಥಿಯಂ ವಿಷಯದಲ್ಲಿ. ಅದು ನಿನ್ನ ಕೈಗೆ ಬರುವುದೇ ಅಪರೂಪ. ಉಳಿದವುಗಳ ಲವಣಗಳನ್ನು ಯಾವ ಕಾಲೇಜಿನ ಪ್ರಯೋಗಾಲಯದಲ್ಲಾದರೂ ಬಳಸಬಹುದು. ನನ್ನ ಸಂಶೋಧನೆ ಬಹುಪಾಲು ನಡೆದದ್ದು ಅವುಗಳ ಮೇಲೆಯೇ. ಪ್ಲುಟೋನಿಯಂ, ಅಮೆರಿಸಿಯಂನಂಥ ಆಕ್ಟಿನೈಡ್ ಬೇಕೆಂದರೆ ಅಣುಶಕ್ತಿ ಸಂಶೋಧನಾ ಕೇಂದ್ರಗಳಿರುವ ಟ್ರಾಂಬೆಗೋ ಕಲ್ಪಾಕ್ಕಮ್‌ಗೋ ಹೋಗಬೇಕು. ಆದ್ದರಿಂದ ಲ್ಯಾಂಥನೈಡ್‌ನಲ್ಲಿ ಕೈ ಪಳಗಿಸಿಕೊಂಡು ಆಮೇಲೆ ಆಕ್ಟಿನೈಡ್‌ಗೆ ಹೋಗು ಎಂಬುದೇ ನನ್ನ ಸಲಹೆ.

ಈ ವಿಷಯದ ತಿರುಳಿರುವುದು ಒಂದರಂತೆ ಇನ್ನೊಂದಿರುವ ಈ ಧಾತುಗಳನ್ನು ಬೇರ್ಪಡಿಸುವುದರಲ್ಲಿ. ಪಕ್ಕಪಕ್ಕದ ಲ್ಯಾಂಥನೈಡ್‌ಗಳಾದ ಪ್ರೇಸಿಯೋಡಿಮಿಯಂ, ನಿಯೋಡಿಮಿಯಂ ಅಯಾನುಗಳ ತ್ರಿಜ್ಯಗಳ ನಡುವಿನ ಅಂತರ ಒಂದು ಪೀಕೋಮೀಟರಿನಷ್ಟೂ (ಮೀಟರಿನ ಲಕ್ಷ ಕೋಟಿಯಲ್ಲೊಂದು ಭಾಗ) ಇಲ್ಲ. ಕಾಫಿ ಬೀಜವನ್ನಾದರೆ ಜರಡಿ ಹಿಡಿದು ಗಾತ್ರವಾರು ವಿಂಗಡಿಸುತ್ತೇವೆ. ಇಲ್ಲಿ ಅಂಥ ಜರಡಿಯೇ ಇಲ್ಲ. 1885ರವರೆಗೆ ಇವೆರಡನ್ನೂ ಒಂದೇ ಧಾತುವೆಂದು ನಂಬಿದ್ದರು. ಅಮೆರಿಕದಲ್ಲಿ ಪಾಠ ಹೇಳುತ್ತಿದ್ದ ಚಾರ್ಲ್ಸ್ ಜೇಮ್ಸ್, ಥೂಲಿಯಂ ಎಂಬ ಲ್ಯಾಂಥನೈಡನ್ನು ಶುದ್ಧವಾಗಿ ಪಡೆಯಲು ಅದರ ಬ್ರೋಮೇಟ್ ಲವಣವನ್ನು ಸುಮಾರು 15,000 ಬಾರಿ ಹರಳುಗಟ್ಟಿಸಿದರು, 1911ರ ಮಾತು. ಈಗ ಅಯಾನು ವಿನಿಮಯ, ದ್ರಾವಕ ನಿಷ್ಕರ್ಷಣೆ ಎಂಬ ಬೇರ್ಪಡಿಸುವ ವಿಧಾನಗಳು ಬಂದಿವೆ. ಆದರೂ ಒಂದೇ ಕೆಲಸವನ್ನು ಬೇಸರವಿಲ್ಲದೆ ಮಾಡುವ ಸ್ವಭಾವ ಬೇಕೇ ಬೇಕು.

ಪಾಠದ ಬಗ್ಗೆ ಒಂದು ಮಾತು. ಪದವಿ ತರಗತಿಗಳಲ್ಲಿ ಎಫ್-ಬ್ಲಾಕ್, ಅಂದರೆ ಈ ಎರಡು ಸಾಲುಗಳ ಅಧ್ಯಾಯವನ್ನು ಸೆಮಿಸ್ಟರಿನ ಕೊನೆಗೆ ತಳ್ಳಿ, ಎರಡು ತರಗತಿಗಳಲ್ಲಿ ಮುಗಿಸಿಬಿಡುತ್ತಾರೆ. ಇದಕ್ಕೆ ನನಗೆ ಇಂದಿಗೂ ಸಿಟ್ಟಿದೆ. ನಿಯೋಡಿಮಿಯಂ ಬೆರೆತ ಗಾಜಿನ ತುಂಡೊಂದನ್ನು ತರಗತಿಗೆ ಒಯ್ಯಬೇಕು. ಕಿಟಕಿಯ ಬಿಸಿಲಿನಲ್ಲಿ ಅದು ತಿಳಿ ನೇರಳೆ. ಟ್ಯೂಬ್‌ಲೈಟಿನ ಕೆಳಗೆ ಹಿಡಿದರೆ ಮಾಸಲು ನೀಲಿ. 4ಎಫ್ ಎಲೆಕ್ಟ್ರಾನುಗಳು ಹೊರಗಿನ 5ಎಸ್, 5ಪಿ ಕವಚಗಳ ಮರೆಯಲ್ಲಿರುವುದರಿಂದ ಹೀರುವ ಬೆಳಕಿನ ಪಟ್ಟೆಗಳು ಬಹಳ ಕಿರಿದು. ದೀಪ ಬದಲಾದರೆ ಬಣ್ಣವೂ ಬದಲಾಗುತ್ತದೆ. ಹಿಂದಿನ ಬೆಂಚಿನವರೂ ಎದ್ದು ಬಂದು ನೋಡುತ್ತಾರೆ. ಆಮೇಲೆ ಸಿದ್ಧಾಂತ ಹೇಳು, ತಲೆಗೆ ಹತ್ತುತ್ತದೆ.

ಗೋಣಿಕೊಪ್ಪದ ಕಡೆಯವಳು, ಈಗ ಊರಿನಿಂದ ಹೊರಗೆ:

ಸರ್ ಹೇಳಿದ್ದಕ್ಕೆ ಆಕ್ಟಿನೈಡ್ ಕಡೆಯ ಮಾತು ಸೇರಿಸುತ್ತೇನೆ. ಬಳಸಿದ ಅಣು ಇಂಧನದ ತ್ಯಾಜ್ಯದಲ್ಲಿ ಅಮೆರಿಸಿಯಂ ಮತ್ತು ಲ್ಯಾಂಥನೈಡ್‌ಗಳು ಒಟ್ಟಿಗಿರುತ್ತವೆ. ಎರಡಕ್ಕೂ +3 ಆವೇಶ, ಗಾತ್ರವೂ ಹೆಚ್ಚು ಕಡಿಮೆ ಒಂದೇ. ಅಮೆರಿಸಿಯಂನ 5ಎಫ್ ಕಕ್ಷಕಗಳು (ಎಲೆಕ್ಟ್ರಾನುಗಳ ನೆಲೆಗಳು) ಲ್ಯಾಂಥನೈಡ್‌ಗಳ 4ಎಫ್‌ಗಿಂತ ಬಂಧದಲ್ಲಿ ತುಸು ಹೆಚ್ಚು ಪಾಲ್ಗೊಳ್ಳುವುದರಿಂದ, ನೈಟ್ರೋಜನ್ ಮೂಲಕ ಲೋಹವನ್ನು ಹಿಡಿಯುವ ಅಣುಗಳಾದ ಲಿಗ್ಯಾಂಡ್‌ಗಳು ಅಮೆರಿಸಿಯಂ ಅನ್ನೇ ಆರಿಸಿಕೊಳ್ಳುತ್ತವೆ. ನನ್ನ ಪಿಎಚ್.ಡಿ ಪೂರ್ತಿ ಇದೇ. ಪುಟ್ಟ ನಳಿಕೆಯಲ್ಲಿ ಆಮ್ಲದ ಪದರ, ಅದರ ಮೇಲೆ ಎಣ್ಣೆಯಂಥ ದ್ರಾವಕದ ಪದರ. ಅಲುಗಾಡಿಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಎರಡರಿಂದಲೂ ಸಮಪ್ರಮಾಣ ತೆಗೆದು, ಅಮೆರಿಸಿಯಂ ಎಷ್ಟು ಯಾವ ಪದರಕ್ಕೆ ಹೋಯಿತೆಂದು ತಿಳಿಯಲು ಗಾಮಾ ಕಿರಣಗಳ ಎಣಿಕೆಗೆ ಇಡುತ್ತಿದ್ದೆವು. ಬಳಸುವ ಅಮೆರಿಸಿಯಂ ಕಣ್ಣಿಗೆ ಕಾಣದಷ್ಟು ಅಲ್ಪ. ಹೊರಡುವಾಗ ಕೈ, ಕಾಲು ತಪಾಸಣೆ ಕಡ್ಡಾಯ, ಕೋಟಿನ ಮೇಲೆ ವಿಕಿರಣ ಅಳೆಯುವ ಬ್ಯಾಡ್ಜ್. ಅಮ್ಮನಿಗೆ ಈ ಶಿಸ್ತಿನ ಬಗ್ಗೆ ಹೇಳಿ. ನಾನು ನಮ್ಮವ್ವನನ್ನು ಒಪ್ಪಿಸಿದ್ದು ಹೀಗೆಯೇ.

ವಿರಾಜಪೇಟೆಯಿಂದ, ಕಾಲೇಜು ಉಪನ್ಯಾಸಕಿ:

ತಂಗಿ, ಕಾಲೇಜು ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ-ಸೆಟ್ ಬರೆಯುವುದನ್ನು ಮುಂದೂಡಬೇಡಿ; ಪಾಠ ಹೇಳುವ ಕೆಲಸಕ್ಕೆ ಅದು ಬೇಕಾಗುತ್ತದೆ. ಮಾರ್ಗದರ್ಶಕರನ್ನು ಆರಿಸುವ ಮೊದಲು ಅವರ ಹಳೆಯ ವಿದ್ಯಾರ್ಥಿಗಳ ಜೊತೆ ಮಾತನಾಡಿ. ಎಂ.ಎಸ್ಸಿ ಪ್ರಾಜೆಕ್ಟ್ ಇನ್ನೂ ನಿರ್ಧಾರವಾಗಿಲ್ಲದಿದ್ದರೆ ಯೂರೋಪಿಯಂ ಎಂಬ ಲ್ಯಾಂಥನೈಡ್‌ನ ಸಂಯುಕ್ತವೊಂದನ್ನು ತಯಾರಿಸುವುದಾಗಿ ಕೇಳಿ. ಸರಿಯಾದ ಲಿಗ್ಯಾಂಡ್ ಸಿಕ್ಕಿದರೆ ನೇರಳಾತೀತ ದೀಪದಡಿ ಅದು ಕೆಂಪಗೆ ಹೊಳೆಯುತ್ತದೆ, ಖರ್ಚೂ ಕೈಗೆಟುಕುವಷ್ಟೇ.